ಗುಡ್ಡೆ ನಾಕಾಣೆ

ನಮ್ಮವ್ವ ಸಂತೆಯಲ್ಲಿ ಕೂಗುತ್ತಿದ್ದ ಕೂಗು ಹೊತ್ತಿಗೊಂದು ಬಗೆಯದು. ಬೆಳಿಗ್ಗೆ ಗೋಣಿತಾಟು ಹಾಸಿ ಬದನೆಕಾಯಿ ಸುರಿದ ಕೂಡಲೇ, "ಬನ್ರವ್ವೋ ಬನ್ನಿ, ಬೋಣಿ ಮಾಡ್ಬುಡ್ರವ್ವಾ, ಕಾಸಿನ ಮಖ ನೋಡಕಿಲ್ಲ" ಎನ್ನುತ್ತಿದ್ದಳು. ಬಿಸಿಲೇರಿದ ಮೇಲೆ ಮಾತು ಕಮ್ಮಿ. "ಗುಡ್ಡೆ ನಾಕಾಣೆ, ಗುಡ್ಡೆ ನಾಕಾಣೆ" ಅಷ್ಟೇ, ಅದನ್ನೇ ಉಸಿರು ತೆಗೆದುಕೊಂಡಷ್ಟು ಸಲೀಸಾಗಿ ಹೇಳುತ್ತಿದ್ದಳು. ಹೊತ್ತು ಇಳಿದು ಗಾಡಿಗಳಿಗೆ ಎತ್ತು ಕಟ್ಟುವ ಸಮಯಕ್ಕೆ ದನಿ ಮತ್ತೆ ಏರುತ್ತಿತ್ತು: "ಹೊತ್ತು ಮುಳುಗ್ತು ಕಣ್ರವ್ವಾ, ಅಟ್ಟಿ ದೂರ ಅದೆ, ಎಲ್ಡು ಗುಡ್ಡೆ ಆರಾಣೆ, ಬಾಚ್ಕಳಿ!" ಮಳೆಗೆ ಸಿಕ್ಕ ಕಾಯಿ, ಹುಳ ಬಿದ್ದ ಕಾಯಿ ಇದ್ದರೆ ಅದಕ್ಕೆ ಬೇರೆಯೇ ಗುಡ್ಡೆ, ಬೇರೆಯೇ ಕೂಗು. "ಒಂದೆಲ್ಡು ಹುಳ ಬಿದ್ದವೆ, ನೋಡ್ಕಂಡು ತಗಳಿ, ಅದ್ಕೇ ಎಲ್ಡಾಣೆ."

ಈ ಕೂಗುಗಳನ್ನು ಇವತ್ತು ನೆನೆಸಿಕೊಂಡರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬೆಲೆ ಇಳಿದದ್ದು ಯಾಕೆ ಎಂಬುದು ಕೂಗಿನೊಳಗೇ ಇರುತ್ತಿತ್ತು. ಬೆಳಿಗ್ಗೆ ಬೋಣಿಯ ನಂಬಿಕೆ, ಸಂಜೆ ಮನೆಗೆ ಹೋಗುವ ಅವಸರ, ನಡುವೆ ಹುಳದ ಕಾಯಿಯ ಒಪ್ಪಿಗೆ. ಅಗ್ಗವಾಗಿ ಕೊಡುತ್ತೇನೆ ಎನ್ನುವವಳು ಅದರ ಕಾರಣವನ್ನೂ ಅದೇ ಉಸಿರಿನಲ್ಲಿ ಹೇಳುತ್ತಿದ್ದಳು. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಹೆಚ್ಚುಕಮ್ಮಿ ಇಷ್ಟನ್ನೇ.

ನಮ್ಮ ಹೊಲವಿದ್ದದ್ದು ಕರಿಘಟ್ಟದ ಬುಡದಲ್ಲಿ, ಲೋಕಪಾವನಿಯ ದಂಡೆಗೆ. ನಾಗಮಂಗಲದ ಕಡೆ ಹುಟ್ಟಿ, ಪಾಂಡವಪುರದ ಸೀಮೆ ಹಾದು ಬರುವ ಈ ಸಣ್ಣ ಹೊಳೆ ಬೆಟ್ಟದ ಕೆಳಗೆ ಕಾವೇರಿಯನ್ನು ಸೇರುತ್ತದೆ. ನಾಲೆ ನೀರು ಹತ್ತಿದವರು ಕಬ್ಬು, ಭತ್ತ ಬೆಳೆದು ಅನುಕೂಲವಂತರಾದರು. ನಮಗಿದ್ದದ್ದು ಹೊಳೆದಂಡೆಯ ಒಂದು ಪಟ್ಟಿ. ಅದರಲ್ಲಿ ಬದನೆ, ಸೌತೆ, ಹೀರೆ, ದಂಟಿನ ಸೊಪ್ಪು. ಎಪ್ಪತ್ತರ ದಶಕದಲ್ಲಿ ನಾನು ಲಂಗ ಹಾಕಿಕೊಂಡು ಅವ್ವನ ಹಿಂದೆ ಮಂಕರಿ ಹೊತ್ತು ಶ್ರೀರಂಗಪಟ್ಟಣದ ಸಂತೆಗೆ ಹೋಗುತ್ತಿದ್ದೆ. ಬೆಳೆ ಜೋರಿದ್ದಾಗ ಪಾಂಡವಪುರಕ್ಕೂ ಹೋಗುತ್ತಿದ್ದೆವು. ಲೆಕ್ಕ ಕಲಿತದ್ದು ಸ್ಲೇಟಿಗಿಂತ ಮೊದಲು ಅಲ್ಲೇ.

ಆಣೆಯ ಲೆಕ್ಕ ಸರ್ಕಾರದ ಪ್ರಕಾರ 1957ರ ಏಪ್ರಿಲ್‌ನಲ್ಲೇ ಮುಗಿದಿತ್ತು. ರೂಪಾಯಿಗೆ ನೂರು ನಯಾಪೈಸೆ ಎಂದು ಆಗಲೇ ಆಗಿತ್ತು. ಸಂತೆ ಮಾತ್ರ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಪ್ಪತ್ತೈದು ಪೈಸೆಯ ನಾಣ್ಯಕ್ಕೆ ನಾಕಾಣೆ, ಐವತ್ತಕ್ಕೆ ಎಂಟಾಣೆ, ಎಪ್ಪತ್ತೈದಕ್ಕೆ ಹನ್ನೆರಡಾಣೆ. ಎರಡಾಣೆ, ಆರಾಣೆಗಳಿಗೆ ಸರಿಹೊಂದುವ ಪೈಸೆಯೇ ಇರಲಿಲ್ಲ. ಅರ್ಧ ಪೈಸೆ ಅತ್ತ ಇತ್ತ ಆದರೆ ಒಂದು ಮೆಣಸಿನಕಾಯಿ ಹಾಕಿ ಸರಿ ಮಾಡುತ್ತಿದ್ದರು. 2011ರ ಜೂನ್ 30ರಂದು ಆ ನಾಕಾಣೆ ಕೂಡ ಚಲಾವಣೆಯಿಂದ ಹೋಯಿತು. ಅಷ್ಟು ಹೊತ್ತಿಗೆ ಅದಕ್ಕೆ ಗುಡ್ಡೆಯಿರಲಿ, ಒಂದು ಎಸಳು ಕರಿಬೇವೂ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಗುಡ್ಡೆ ಹಾಕುವುದಕ್ಕೂ ಕೈ ಬೇಕು. ತಕ್ಕಡಿ ಇಟ್ಟವನಿಗೆ ಕಲ್ಲು ಲೆಕ್ಕ ಹೇಳುತ್ತದೆ. ಗುಡ್ಡೆಯವಳಿಗೆ ಕಣ್ಣೇ ತಕ್ಕಡಿ. ಅವ್ವ ದೊಡ್ಡ ಕಾಯಿ ಕೆಳಗಿಟ್ಟು, ಎಳೆಯವನ್ನು ಮೇಲಿಟ್ಟು, ತೊಟ್ಟು ಒಳಗಡೆಗೆ ಬರುವಂತೆ ಜೋಡಿಸಿ, ಎಲ್ಲ ಗುಡ್ಡೆಯೂ ಒಂದೇ ಸಮ ಕಾಣುವ ತನಕ ಕಾಯಿ ಬದಲಾಯಿಸುತ್ತಲೇ ಇರುತ್ತಿದ್ದಳು. ಕೊಳ್ಳಲು ಬಂದವಳು ಈ ಗುಡ್ಡೆಯ ಒಂದು ಕಾಯಿ ತೆಗೆದು ಆ ಗುಡ್ಡೆಗೆ ಹಾಕಿ, ಆ ಗುಡ್ಡೆಯ ಎರಡು ಈ ಕಡೆಗೆ ಎಳೆದು, ತನ್ನ ಗುಡ್ಡೆಯನ್ನು ದಪ್ಪ ಮಾಡಿಕೊಳ್ಳುವುದು ವಾಡಿಕೆ. ಅವ್ವ ಒಂದೆರಡು ಸಲ ಸುಮ್ಮನಿರುತ್ತಿದ್ದಳು. ಆಮೇಲೆ, "ಬುಡವ್ವ ತಾಯಿ, ಇನ್ನೊಬ್ರೂ ತಿನ್ಬೇಕಲ್ವಾ" ಎನ್ನುತ್ತಿದ್ದಳು. ಆ ಮಾತಿಗೆ ಕೈ ತಾನಾಗಿ ನಿಲ್ಲುತ್ತಿತ್ತು.

ಇದರ ಮೇಲೆ ಕೊಸರು. ಬೆಲೆ ತೀರ್ಮಾನವಾಗಿ, ಕಾಯಿ ಸೆರಗಿಗೋ ಚೀಲಕ್ಕೋ ಬಿದ್ದ ಮೇಲೆ ಕೈಗೆ ಸಿಕ್ಕ ಇನ್ನೊಂದನ್ನು ಅದರ ಮೇಲೆ ಹಾಕುವುದು. ಸೊಪ್ಪಿನವಳಾದರೆ ಒಂದು ಪಿಡಿ ಕೊತ್ತಂಬರಿ, ಹೂವಿನವಳಾದರೆ ಮಾರು ಮುಗಿದ ಮೇಲೆ ಇನ್ನೆರಡು ಗೇಣು, ಹಾಲಿನವಳಾದರೆ ಪಾವು ತುಂಬಿದ ಮೇಲೆ ಸುರಿಯುವ ಒಂದು ತೊಟ್ಟು. ಕೊಸರು ಕೇಳದೆ ಹೋದರೆ ಕೊಂಡವಳಿಗೆ ವ್ಯಾಪಾರ ಮುಗಿದಂತೆ ಆಗುತ್ತಿರಲಿಲ್ಲ. ಕೊಡದೆ ಕಳಿಸಿದರೆ ಮಾರಿದವಳಿಗೂ ಸಮಾಧಾನವಿಲ್ಲ. ಈಗಿನ ಅಂಗಡಿಯಲ್ಲಿ 'ಉಚಿತ' ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿ ಕೊಡುತ್ತಾರಲ್ಲ, ಅದು ಕೊಳ್ಳುವ ಮುಂಚೆ ತೋರಿಸುವ ಆಸೆ. ಕೊಸರು ಕೊಂಡಾದ ಮೇಲೆ ಬರುವುದು. ಕೊಡುವವಳ ಕೈಯಿಂದ ಬರುವುದು. ಇವೆರಡನ್ನೂ ಒಂದೇ ಎಂದು ನಾನು ಯಾವತ್ತೂ ಒಪ್ಪುವುದಿಲ್ಲ.

ಕಣದಲ್ಲೂ ಇಂಥದೇ ಒಂದು ದೊಡ್ಡ ಮನಸ್ಸಿತ್ತು. ರಾಗಿ ಅಳೆಯುವಾಗ ಮೊದಲ ಅಳತೆಗೆ 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದರು. ಲಾಭ, ಎರಡು, ಮೂರು ಎಂದು ಎಣಿಕೆ ಮುಂದುವರಿಯುತ್ತಿತ್ತು. ಅದು ಯಾರ ಲಾಭ, ಕೊಡುವವನದೋ ಕೊಳ್ಳುವವನದೋ ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಇಬ್ಬರಿಗೂ ಇರಲಿ ಎಂದೇ ನಾನು ತಿಳಿದಿದ್ದೇನೆ.

ಆ ಕೂಗಿನ ಲೋಕದಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಯಾರನ್ನು ಹೇಗೆ ಕರೆಯಬೇಕು ಎಂಬುದಕ್ಕೆ ಸಂತೆಯಲ್ಲಿ ಗಟ್ಟಿ ಕಟ್ಟಳೆಗಳಿದ್ದವು. ವಯಸ್ಸಾದವಳಿಗೆ ಅವ್ವ, ನಡುವಯಸ್ಸಿನವಳಿಗೆ ಅಕ್ಕ, ಹುಡುಗಿಗೆ ಮಗ, ಪ್ಯಾಂಟು ತೊಟ್ಟವರಿಗೆ ಸ್ವಾಮಿ, ಮೇಷ್ಟರಿಗೆ ಮೇಷ್ಟ್ರೇ. ಇಲ್ಲಿಯ ತನಕ ಸರಿ. ಆದರೆ ಜಮೀನುದಾರ ಮನೆತನದ ಗಂಡಸು ಬಂದರೆ ಅವ್ವ ಕೂತಲ್ಲಿಂದ ಅರ್ಧ ಎದ್ದು "ಬುದ್ಧಿ" ಎನ್ನಬೇಕಾಗಿತ್ತು. ಅವರು ಹೇಳಿದ್ದೇ ಬೆಲೆ, ಅವರು ಎತ್ತಿಕೊಂಡದ್ದೇ ಗುಡ್ಡೆ. ಆಗ ಅವ್ವನ ಬಾಯಿಂದ ಯಾವ ಕೂಗೂ ಹೊರಡುತ್ತಿರಲಿಲ್ಲ. ಸಂತೆಯಿಂದ ಆ 'ಬುದ್ಧಿ' ಹೋದದ್ದು ಬಹಳ ಒಳ್ಳೆಯದಾಯಿತು.

ಕೂಗೇ ಇಲ್ಲದ ವ್ಯಾಪಾರವನ್ನೂ ಕಂಡಿದ್ದೇನೆ. ಅಪ್ಪ ಎತ್ತು ಕೊಳ್ಳಲೆಂದು ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಜಾತ್ರೆಗೂ ಕೃಷ್ಣರಾಜಪೇಟೆ ಕಡೆಯ ಹೇಮಗಿರಿ ಜಾತ್ರೆಗೂ ಹೋಗುತ್ತಿದ್ದ. ಒಮ್ಮೆ ಹಟ ಮಾಡಿ ನಾನೂ ಜೊತೆಗೆ ಹೊರಟೆ. ಹಳ್ಳಿಕಾರ್ ತಳಿಯ ಹೋರಿಗಳ ಸಾಲು, ಕೊಂಬಿಗೆ ಬಣ್ಣ, ಕೊರಳಿಗೆ ಗಗ್ಗರ. ಅಷ್ಟು ಜನ ಸೇರಿದ ಕಡೆ ಬೆಲೆಯ ಮಾತು ಮಾತ್ರ ಎಲ್ಲೂ ಕೇಳಿಸುತ್ತಿರಲಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವಲನ್ನು ಕೈಗಳ ಮೇಲೆ ಮುಚ್ಚಿ, ಅದರ ಕೆಳಗೆ ಅಪ್ಪನ ಬೆರಳು ಹಿಡಿಯುತ್ತಿದ್ದ. ಹಿಡಿದ ಬೆರಳೆಷ್ಟೋ ಅಷ್ಟು ನೂರು. ಅಪ್ಪ ತಲೆ ಅಲ್ಲಾಡಿಸಿದರೆ ಅದೇ ಟವಲಿನ ಕೆಳಗೆ ಮತ್ತೆ ಬೆರಳು. ಪಕ್ಕದಲ್ಲೇ ನಿಂತ ನನಗೂ ಬೆಲೆ ತಿಳಿಯಲಿಲ್ಲ. ವ್ಯವಹಾರ ಕುದುರಿ ಹಗ್ಗ ಕೈಗೆ ಬಂದ ಮೇಲೂ ಅಪ್ಪ ಮನೆ ಸೇರುವವರೆಗೆ ಬಾಯಿ ಬಿಡಲಿಲ್ಲ. ಬದನೆಕಾಯಿಯ ಬೆಲೆ ಊರಿಗೆಲ್ಲ ಕೇಳಬೇಕು, ಎತ್ತಿನ ಬೆಲೆ ಯಾರಿಗೂ ಕೇಳಬಾರದು! ಹೆಂಗಸರ ವ್ಯಾಪಾರ ಬಾಯಲ್ಲಿ, ಗಂಡಸರ ವ್ಯಾಪಾರ ಟವಲಿನ ಕೆಳಗೆ ಎಂದು ಅವ್ವ ಹೇಳುತ್ತಿದ್ದುದು ಆವತ್ತು ನನಗೆ ಅರ್ಥವಾಯಿತು.

ಇನ್ನು ನಮ್ಮ ಬೆಟ್ಟದ ಜಾತ್ರೆ. ಕರಿಘಟ್ಟದ ಶ್ರೀನಿವಾಸನಿಗೆ ಫಾಲ್ಗುಣದಲ್ಲಿ ಜಾತ್ರೆ ನಡೆಯುತ್ತದೆ. ನಾನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಮೇಲೆ ಹೋದರೆ ಒಂದು ಕಡೆ ಕಾವೇರಿ, ಇನ್ನೊಂದು ಕಡೆ ಗಂಜಾಂ, ದೂರದಲ್ಲಿ ಕೋಟೆ, ಮೈಸೂರಿನ ದಿಕ್ಕಿಗೆ ಚಾಮುಂಡಿ ಬೆಟ್ಟ ಕಾಣುತ್ತದೆ. ಕೆಳಗಡೆ ಸಾಲು ಅಂಗಡಿ. ಅಲ್ಲಿಗೆ ಬರುತ್ತಿದ್ದ ಕೂಗುಗಳು ನಮ್ಮ ಸಂತೆಯವಲ್ಲ. ಬಳೆ, ರಿಬ್ಬನ್ನು, ಪ್ಲಾಸ್ಟಿಕ್ ಡಬ್ಬಿ, ಬಾಚಣಿಗೆ ಹೊತ್ತು ಊರೂರು ತಿರುಗುವವರು "ಯಾವ್ದೆತ್ತಿದ್ರೂ ಒಂದ್ರುಪಾಯ್, ಯಾವ್ದೆತ್ತಿದ್ರೂ ಒಂದ್ರುಪಾಯ್" ಎಂದು ತಾಳ ಹಾಕಿ ಹೇಳುತ್ತಿದ್ದರು. ಮುಂದೆ ಅದು ಐದು ರೂಪಾಯಾಯಿತು, ಹತ್ತಾಯಿತು. ತಾಳ ಬದಲಾಗಲಿಲ್ಲ. "ಬುಟ್ರೆ ಸಿಕ್ಕಕಿಲ್ಲ, ಹೋದ್ರೆ ಬರಕಿಲ್ಲ" ಎನ್ನುವವನೊಬ್ಬ. "ಅಸಲಿಗೇ ಕೊಡ್ತಿವ್ನಿ, ಲಾಭ ಬ್ಯಾಡ" ಎನ್ನುವವ ಇನ್ನೊಬ್ಬ. ಹರಾಜಿನವನು ಕಂಬಳಿ ಬಿಡಿಸಿ, ಎತ್ತಿ ಒದರಿ, ತಾನೇ ಬೆಲೆ ಹೇಳಿ ತಾನೇ ಇಳಿಸುತ್ತಿದ್ದ. ನನಗೆ ಆ ಕೂಗಿನ ಗೀಳು ಹತ್ತಿತ್ತು. ಮನೆಗೆ ಬಂದು ಹಿತ್ತಲಲ್ಲಿ ತಂಗಿಯನ್ನು ಕೂರಿಸಿಕೊಂಡು ಕಲ್ಲು, ಎಲೆ, ಹುಣಸೆಬೀಜಗಳನ್ನು ಅದೇ ತಾಳದಲ್ಲಿ ಮಾರುತ್ತಿದ್ದೆ.

ಅವ್ವನಿಗೆ ಅದು ಹಿಡಿಸುತ್ತಿರಲಿಲ್ಲ. "ಅವ್ನು ನಾಳಿಕ್ಕೆ ಇನ್ನೊಂದೂರ್ಗೆ ಹೋಯ್ತಾನೆ ಮಗ, ಏನ್ ಬೇಕಾದ್ರೂ ಕೂಗ್ತಾನೆ. ನಾವು ಮುಂದಿನ ವಾರ ಇಲ್ಲೇ ಕೂರ್ಬೇಕು" ಎಂದಳು. ಬುಟ್ಟಿಯಲ್ಲಿ ಇಲ್ಲದ್ದನ್ನು ಕೂಗಬಾರದು ಎಂಬುದು ಅವಳ ಕಟ್ಟುನಿಟ್ಟು. ಎಳೆಕಾಯಿ ಮುಗಿದ ಗಳಿಗೆಯಿಂದ ಅವಳ ಕೂಗಿನಲ್ಲಿ 'ಎಳೇ' ಎಂಬ ಮಾತು ಇರುತ್ತಿರಲಿಲ್ಲ. "ಕಡೇ ಗುಡ್ಡೆ" ಎಂದಳೆಂದರೆ ಗೋಣಿತಾಟಿನ ಮೇಲೆ ನಿಜವಾಗಿಯೂ ಒಂದೇ ಗುಡ್ಡೆ ಉಳಿದಿರುತ್ತಿತ್ತು. ಯಾರು ಬೇಕಾದರೂ ಬಗ್ಗಿ ನೋಡಬಹುದಿತ್ತು.

ಕೂಗುವುದು ಮಾರುವವರ ಕೆಲಸವಾದರೆ, ಅಗ್ಗದ ಸುದ್ದಿಯನ್ನು ಒಬ್ಬರಿಗೊಬ್ಬರು ದಾಟಿಸುವುದು ಕೊಳ್ಳುವವರ ಕೆಲಸ. ಅದು ನಡೆಯುತ್ತಿದ್ದುದು ಹೊಳೆಯ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಪಿಸುಮಾತಿನಲ್ಲಿ. "ಸೊಸೈಟಿಗೆ ಸಕ್ರೆ ಬಂದದಂತೆ." "ಸೀಮೆಣ್ಣೆ ಕೊಡ್ತಾವ್ರೆ, ಬಿರ್‍ನೆ ಹೋಗು." "ಜನತಾ ಸೀರೆ ಬಂದವೆ, ಅಂಚು ಚೆನ್ನಾಗವೆ." ಸರ್ಕಾರ ನೇಕಾರರಿಂದ ನೇಯಿಸಿ ಬಡವರಿಗೆ ಕಡಿಮೆ ಬೆಲೆಗೆ ಕೊಡುತ್ತಿದ್ದ ಜನತಾ ಸೀರೆಗಳ ಕಾಲ ಅದು. ಸುದ್ದಿ ಮೊದಲು ಯಾರಿಗೆ ಹೇಳುತ್ತಾರೆ ಎಂಬುದರಲ್ಲೇ ನಂಟು ತಿಳಿಯುತ್ತಿತ್ತು. ತಂಗಿಗೆ, ಓರಗಿತ್ತಿಗೆ, ಬಸುರಿ ನೆರೆಯವಳಿಗೆ ಮೊದಲು. ಜಗಳವಾಡಿದವಳಿಗೆ ಕೊನೆಗೆ, ಅಷ್ಟರಲ್ಲಿ ಸಕ್ಕರೆ ಮುಗಿದಿರುತ್ತಿತ್ತು. ಹಾಗೆ ಮುನಿಸಿಕೊಂಡವರು ಕೂಡ ಮುಂದಿನ ಸಲ "ಬಂದದೆ ಹೋಗವ್ವ" ಎಂಬ ಒಂದು ಮಾತಿನಿಂದ ರಾಜಿಯಾದದ್ದನ್ನು ನೋಡಿದ್ದೇನೆ.

ಅಗ್ಗ ಎಂಬುದಕ್ಕೆ ನಮ್ಮ ಕಡೆ ಮಾತಿಗೇನೂ ಬರವಿಲ್ಲ. ಪುಕ್ಸಟ್ಟೆ, ಬಿಟ್ಟಿ, ಸೋವಿ, ಮಣ್ಣಿನ ಬೆಲೆ, ಬಿಸಾಕೋ ರೇಟು. ಆದರೆ ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನ ಕಿವಿಯಲ್ಲಿ ಉಳಿದಿರುವುದು "ರೇಟು ಬಿದ್ದೋಗದೆ" ಎಂಬ ಮಾತು. ಅದನ್ನು ಎರಡು ದನಿಯಲ್ಲಿ ಕೇಳಿದ್ದೇನೆ. ಪೇಟೆಯಿಂದ ಬಂದ ಹೆಂಗಸು ಚೀಲ ಕೊಡವುತ್ತಾ, "ಟೊಮೊಟೊ ರೇಟು ಬಿದ್ದೋಗದೆ ಬನ್ರೇ" ಎಂದು ಗೆಳತಿಯರನ್ನು ಕರೆಯುವಾಗ ಅದು ಸಂಭ್ರಮ. ಅದೇ ಮಾತನ್ನು ಅಪ್ಪ ರಾತ್ರಿ ಜಗುಲಿಯಲ್ಲಿ ಕೂತು ಅವ್ವನಿಗೆ ಹೇಳುವಾಗ ಒಲೆಯ ಮುಂದಿನವಳ ಕೈ ನಿಲ್ಲುತ್ತಿತ್ತು. ಒಂದು ವರ್ಷ ನಾವು ಬದನೆ ಕಿತ್ತು ಟೊಮೊಟೊ ಹಾಕಿದೆವು. ಸುತ್ತಲಿನ ಊರಿನವರೆಲ್ಲರೂ ಅದನ್ನೇ ಹಾಕಿದ್ದರು. ಹಣ್ಣು ಒಂದೇ ವಾರದಲ್ಲಿ ಕೆಂಪಗೆ ತಿರುಗಿತು. ಸಂತೆಯಲ್ಲಿ ಅವ್ವ ಗುಡ್ಡೆ ಹಾಕುವುದನ್ನೇ ಬಿಟ್ಟು, ಮಂಕರಿ ಲೆಕ್ಕದಲ್ಲಿ ಕೂಗಿದಳು. ಮಧ್ಯಾಹ್ನದ ಹೊತ್ತಿಗೆ ಕೂಗುವುದನ್ನೂ ನಿಲ್ಲಿಸಿದಳು. ಗಾಡಿ ಬಾಡಿಗೆ ಕೂಡ ಹುಟ್ಟಲಿಲ್ಲ. ಉಳಿದದ್ದನ್ನು ದನಕ್ಕೆ ಹಾಕಿದೆವು. ಅವತ್ತಿನಿಂದ ಯಾವುದೇ ವಸ್ತು ತೀರಾ ಅಗ್ಗಕ್ಕೆ ಸಿಕ್ಕಿತು ಎಂದು ಯಾರಾದರೂ ಖುಷಿಪಟ್ಟರೆ, ಅದು ಯಾರ ಮನೆಯ ಜಗುಲಿಯಲ್ಲಿ ಬಿದ್ದದ್ದು ಎಂದು ಯೋಚಿಸುವುದು ನನಗೆ ರೂಢಿಯಾಯಿತು. ಈಗಲೂ ವರ್ಷ ಬಿಟ್ಟು ವರ್ಷ ರಸ್ತೆ ಬದಿಗೆ ಸುರಿದ ಟೊಮೊಟೊ ರಾಶಿಯ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ಆ ಪುಟವನ್ನು ಬೇಗ ಮಗುಚಲು ನನ್ನಿಂದ ಆಗುವುದಿಲ್ಲ.

ಓದು ಮುಗಿಸಿ ಮೇಷ್ಟರಗಿತ್ತಿಯಾಗಿ ಮೈಸೂರಿಗೆ ಬಂದ ಮೇಲೆ ಇನ್ನೊಂದು ಬಗೆಯ ಅಗ್ಗ ಕಂಡೆ: ಆಷಾಢದ ರಿಯಾಯಿತಿ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಸೊಸೆ ತವರಿನಲ್ಲಿ. ಜವಳಿ ಅಂಗಡಿಯಲ್ಲಿ ಸೀರೆ ಮಡಿಚಿದ ಮಡಿಕೆಯಲ್ಲೇ ಕೂತಿರುತ್ತದೆ. ಶ್ರಾವಣಕ್ಕೆ ಹೊಸ ಮಾಲು ಬರುವ ಮುಂಚೆ ಹಳೆಯದು ಹೋಗಬೇಕು. ಶುಕ್ರವಾರ ಚಾಮುಂಡಿ ಬೆಟ್ಟ ಹತ್ತಿ ಇಳಿದವರು ಹಾಗೆಯೇ ದೇವರಾಜ ಅರಸು ರಸ್ತೆಗೆ ಬಂದು ಸೀರೆ ನೋಡುತ್ತಿದ್ದರು. ಗಾಂಧಿ ಜಯಂತಿಗೆ ಖಾದಿ ಭಂಡಾರದಲ್ಲಿ ರಿಯಾಯಿತಿ. ಅದಕ್ಕೂ ಕಾರಣ ಗೊತ್ತಿದ್ದದ್ದೇ. ಸ್ಟಾಫ್ ರೂಮಿನಲ್ಲಿ ನಾವು ಹೆಂಗಸರು "ಆಷಾಢ ಬಿತ್ತು ಕಣ್ರೇ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರೆ ಮಿಕ್ಕದ್ದನ್ನು ಹೇಳುವ ಅಗತ್ಯವೇ ಇರಲಿಲ್ಲ. ಇಲ್ಲೂ ಇಳಿಕೆಗೆ ಒಂದು ಹೊತ್ತಿತ್ತು, ಒಂದು ನೆಪವಿತ್ತು.

ನನ್ನ ತಂಗಿಯ ಮಗ ಕೆಲಸದ ಮೇಲೆ ಸ್ಪೇನಿನ ವಲೆನ್ಸಿಯಾಕ್ಕೆ ಹೋಗಿ ನೆಲೆಸಿದ. ಅಲ್ಲಿಯ ದೊಡ್ಡ ಮಾರುಕಟ್ಟೆ 1928ರಲ್ಲಿ ಕಟ್ಟಿ ಮುಗಿಸಿದ್ದು. ಮೇಲೆ ಗುಮ್ಮಟ, ಒಳಗೆ ತರಕಾರಿ, ಮೀನು, ಹಣ್ಣಿನ ಸಾಲು. ಅವನು ಫೋನಿನಲ್ಲಿ ಆ ಸದ್ದು ಕೇಳಿಸಿದಾಗ ನನಗೆ ಭಾಷೆ ತಿಳಿಯದಿದ್ದರೂ ರಾಗ ತಿಳಿಯಿತು. "ದೊಡ್ಡಮ್ಮಾ, ಇಲ್ಲಿ ಹಣ್ಣಿನವ್ಳು ಬಂದ ಹೆಂಗಸ್ರನ್ನೆಲ್ಲ ರೇಯ್ನಾ ಅಂತಾಳೆ, ಅಂದ್ರೆ ಮಹಾರಾಣಿ ಅಂತ. ಗ್ವಾಪಾ ಅಂತಾಳೆ, ಚೆಲುವೆ ಅಂತ" ಎಂದ. ತೀರಾ ಅಗ್ಗಕ್ಕೆ ಸಿಕ್ಕಿದ್ದಕ್ಕೆ ಅವರು 'ಚೋಯೋ' ಎನ್ನುತ್ತಾರಂತೆ, 'ಗಾಂಗಾ' ಎಂದೂ ಎನ್ನುತ್ತಾರಂತೆ. 'ಎಸ್ತಾ ತಿರಾದೋ' ಎಂದರೆ ಎಸೆದುಬಿಟ್ಟಿದೆ ಎಂದು. ನಮ್ಮ ಬಿಸಾಕೋ ರೇಟೇ! ಅವನ ಜೊತೆ ಕೆಲಸ ಮಾಡುವ ಒಬ್ಬಳು ಪೆರು ದೇಶದವಳು. ಅವಳ ಕಡೆ ಬೆಟ್ಟದ ಸಂತೆಗಳಲ್ಲಿ ಕೊಂಡಾದ ಮೇಲೆ 'ಯಾಪ' ಕೇಳುವುದು ಪದ್ಧತಿ. ಒಂದು ಹಿಡಿ ಹೆಚ್ಚಿಗೆ ಆಲೂಗೆಡ್ಡೆ, ಒಂದು ಕಂತೆ ಸೊಪ್ಪು. ಅದು ಅಲ್ಲಿಯ ಮೂಲನಿವಾಸಿಗಳ ಕೆಚುವಾ ಭಾಷೆಯಿಂದ ಬಂದ ಮಾತು. ಮಾರುವವಳೂ ಕೊಳ್ಳುವವಳೂ ಪರಸ್ಪರ ಒಂದೇ ಹೆಸರಿನಿಂದ, 'ಕಸೇರಿತಾ' ಎಂದು ಕರೆದುಕೊಳ್ಳುತ್ತಾರೆ ಎಂದು ಕೇಳಿ ನನಗೆ ಬಹಳ ಹಿತವಾಯಿತು. ನಮ್ಮಲ್ಲೂ ಇಬ್ಬರೂ ಅವ್ವ ಅವ್ವ ಎನ್ನುವುದಿಲ್ಲವೇ?

ಅವನಿಂದ ತಿಳಿದ ಇನ್ನೊಂದು ಸಂಗತಿ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಸ್ಪೇನಿನಲ್ಲಿ ರಿಯಾಯಿತಿ ಮಾರಾಟಕ್ಕೆ ವರ್ಷಕ್ಕೆ ಎರಡೇ ಕಾಲವೆಂದು ಕಾನೂನೇ ಇತ್ತು. ಒಂದು ಜನವರಿಯಲ್ಲಿ ಅವರ ಮೂರು ರಾಜರ ಹಬ್ಬ ಕಳೆದ ಮೇಲೆ, ಇನ್ನೊಂದು ಬೇಸಿಗೆಯಲ್ಲಿ. ಚಳಿಯ ಬಟ್ಟೆ ಹೋಗಬೇಕು, ಸೆಕೆಯ ಬಟ್ಟೆ ಬರಬೇಕು, ಅದು ಕಾರಣ. 2012ರಲ್ಲಿ ಆ ಕಟ್ಟು ಸಡಿಲಿಸಿ, ಅಂಗಡಿಯವರು ಯಾವಾಗ ಬೇಕಾದರೂ ರಿಯಾಯಿತಿ ಹಾಕಬಹುದು ಎಂದು ಮಾಡಿದರು. ನಮ್ಮಲ್ಲಿ ಅಂಥ ಕಾನೂನು ಇರಲಿಲ್ಲ, ಪಂಚಾಂಗವಿತ್ತು. ಅದೂ ಸಡಿಲವಾಯಿತು. ಈಗ ಆಷಾಢಕ್ಕೊಂದು, ಶ್ರಾವಣಕ್ಕೊಂದು, ಸ್ವಾತಂತ್ರ್ಯ ದಿನಕ್ಕೊಂದು, ದಸರೆಗೊಂದು, ವರ್ಷದ ಕೊನೆಗೊಂದು, ಮೊದಲಿಗೊಂದು. ವರ್ಷವಿಡೀ ಇಳಿದೇ ಇರುವ ಬೆಲೆ ಯಾವಾಗ ಏರಿತ್ತು ಎಂದು ಕೇಳಿದರೆ ಕೌಂಟರಿನಲ್ಲಿ ನಿಂತ ಹುಡುಗಿಗೆ ಗೊತ್ತಿಲ್ಲ. ಪಾಪ, ಅವಳಿಗೆ ಹೇಳಿಕೊಟ್ಟಿರುವುದು "ಆಫರ್ ಇದೆ ಮೇಡಂ" ಎಂಬ ಒಂದೇ ಮಾತು. ಒಂದು ಅಂಗಡಿಯಲ್ಲಿ ಅರ್ಧ ಬೆಲೆಯ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ನೋಡಿದೆ. ಅಡಿಯಲ್ಲಿ ಇನ್ನೊಂದು ಚೀಟಿ, ಅದರಲ್ಲೂ ಅದೇ ಬೆಲೆ.

2020ರಲ್ಲಿ ಕೊರೊನಾ ಬಂದು ಸಂತೆಗಳು ಮುಚ್ಚಿದಾಗ ತರಕಾರಿ ಗೂಡ್ಸ್ ಆಟೋ ಹತ್ತಿ ಬೀದಿಗೆ ಬಂತು. ಕೂಗುವುದಕ್ಕೆ ಮೈಕು, ಮೈಕಿನೊಳಗೆ ರೆಕಾರ್ಡು. ಮಂಡ್ಯದಲ್ಲಿ ಕೇಳಿದ ಅದೇ ದನಿ ಶ್ರೀರಂಗಪಟ್ಟಣದಲ್ಲೂ ಕೇಳಿತು. ಅದರ ಮೇಲೆ ನನಗೆ ಕೋಪವಿಲ್ಲ. ದಿನವಿಡೀ ಬಿಸಿಲಲ್ಲಿ ಗಂಟಲು ಹರಿದುಕೊಳ್ಳುವುದು ಎಂಥದು ಎಂದು ಅವ್ವನ ಪಕ್ಕ ಮಲಗಿದವಳಿಗೆ ಗೊತ್ತು. ರಾತ್ರಿ ಅವಳು ಬಿಸಿನೀರಿಗೆ ಉಪ್ಪು ಹಾಕಿಕೊಂಡು ಮುಕ್ಕಳಿಸುತ್ತಿದ್ದಳು. ಆದರೆ ರೆಕಾರ್ಡಿಗೆ ಹೊತ್ತು ತಿಳಿಯುವುದಿಲ್ಲ. ಬೆಳಿಗ್ಗೆಯೂ ಅದೇ ಬೆಲೆ, ಬಾಡಿದ ಮೇಲೂ ಅದೇ ಬೆಲೆ. ಮುಗಿದ ಈರುಳ್ಳಿಯನ್ನೂ ಅದು ಕೂಗುತ್ತಲೇ ಇರುತ್ತದೆ.

ಫೋನಿನೊಳಗಿನ ಅಂಗಡಿಯದು ಇನ್ನೂ ಒಂದು ಹೆಜ್ಜೆ ಮುಂದೆ. 'ಎರಡೇ ಉಳಿದಿವೆ', 'ಇನ್ನು ಹತ್ತೇ ನಿಮಿಷ' ಎಂದು ಕೆಂಪಕ್ಷರದಲ್ಲಿ ಓಡುತ್ತದೆ. ಎಲ್ಲಿ ಉಳಿದಿವೆ, ಯಾರು ಎಣಿಸಿದರು, ಬಗ್ಗಿ ನೋಡುವುದಕ್ಕೆ ಗೋಣಿತಾಟಿಲ್ಲ. ಈ ಹುಸಿ ಅವಸರವನ್ನು ಸರ್ಕಾರವೂ ಗುರುತಿಸಿದೆ ಎಂಬುದು ಓದುಗರಿಗೆ ತಿಳಿದಿರಲಿ. 1986ರ ಗ್ರಾಹಕ ರಕ್ಷಣಾ ಕಾಯ್ದೆಯ ಜಾಗದಲ್ಲಿ 2019ರ ಹೊಸ ಕಾಯ್ದೆ ಬಂತು. ಅದರಡಿ 2022ರಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಬೆಲೆಗೆ ಕೊಡುವಷ್ಟು ಸರಕು ಇಲ್ಲದೆ ಗಿರಾಕಿಯನ್ನು ಸೆಳೆಯುವಂತಿಲ್ಲ. ದಾಸ್ತಾನು ಕಡಿಮೆ ಇದ್ದರೆ ಅದನ್ನು ಸ್ಪಷ್ಟವಾಗಿ ಹೇಳಬೇಕು. 2023ರ ನವೆಂಬರಿನಲ್ಲಿ ಬಂದ ಇನ್ನೊಂದು ಮಾರ್ಗಸೂಚಿ ಆನ್‌ಲೈನ್ ವ್ಯಾಪಾರದ ಹದಿಮೂರು ಬಗೆಯ ಮರುಳುಗಾರಿಕೆಗಳನ್ನು ಹೆಸರಿಸಿ ತಡೆದಿದೆ. ಪಟ್ಟಿಯ ಮೊದಲನೆಯದೇ ಸುಳ್ಳು ಅವಸರ. ಇದನ್ನು ಓದಿದಾಗ ನನಗೆ ಅವ್ವನ ಮೇಲೆ ಹೆಮ್ಮೆ ಉಕ್ಕಿ ಬಂತು. ಬುಟ್ಟಿಯಲ್ಲಿ ಇಲ್ಲದ್ದನ್ನು ಕೂಗಬಾರದು, ಕಡೇ ಗುಡ್ಡೆ ನಿಜಕ್ಕೂ ಕಡೆಯದಾಗಿರಬೇಕು. ದೆಹಲಿಯವರು ಕಾನೂನಿನ ಭಾಷೆಯಲ್ಲಿ ಬರೆದದ್ದನ್ನು ಸಹಿ ಹಾಕಲೂ ಬಾರದ ಹೆಂಗಸೊಬ್ಬಳು ಲೋಕಪಾವನಿಯ ದಂಡೆಯಲ್ಲಿ ಪಾಲಿಸಿಕೊಂಡು ಬಂದಿದ್ದಳು.

ಇತ್ತೀಚೆಗೆ ಶ್ರೀರಂಗಪಟ್ಟಣದ ಸಂತೆಗೆ ಹೋಗಿದ್ದೆ. ಬಹಳ ಮಂದಿ ತಕ್ಕಡಿಯವರೇ, ಅದೂ ಬ್ಯಾಟರಿ ತಕ್ಕಡಿ. ಹಣ ತಲುಪಿದ್ದನ್ನು ಕನ್ನಡದಲ್ಲೇ ಹೇಳುವ ಪುಟ್ಟ ಡಬ್ಬಿ ಪ್ರತಿ ಅಂಗಡಿಯಲ್ಲೂ ಮಾತಾಡುತ್ತದೆ. ನಡುವೆ ನನ್ನ ವಯಸ್ಸಿನವಳೊಬ್ಬಳು ಬದನೆಕಾಯಿಯ ಗುಡ್ಡೆ ಹಾಕಿಕೊಂಡು ಕೂತಿದ್ದಳು. "ಗುಡ್ಡೆ ಇಪ್ಪತ್ತು ಕಣಕ್ಕ, ಇದು ನೆನ್ನೆ ಕಿತ್ತಿದ್ದು, ಅದ್ಕೇ ಹದ್ನೈದಕ್ಕೆ ತಗೊ" ಎಂದಳು. ಇಪ್ಪತ್ತರದನ್ನೂ ಹದಿನೈದರದನ್ನೂ ಕೊಂಡೆ. ಕೇಳದೆಯೇ ಎರಡು ಹಸಿಮೆಣಸಿನಕಾಯಿ, ಒಂದು ಎಸಳು ಕರಿಬೇವು ಚೀಲಕ್ಕೆ ಬಿತ್ತು. ಸಾರು ಮಾಡಿದೆ. ನೆನ್ನೆಯ ಕಾಯಿಗೂ ಇವತ್ತಿನದಕ್ಕೂ ರುಚಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ.

ಓದುಗರಲ್ಲಿ ನನ್ನದೊಂದು ಕೇಳಿಕೆ. ನಿಮ್ಮೂರಿನ ಸಂತೆ ಇನ್ನೂ ಕೂಡುತ್ತಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿಯ ಕೂಗುಗಳನ್ನು ಅವರ ಕೈಯಲ್ಲಿ ಬರೆಸಿಡಿ, ಯಾವ ಊರು, ಯಾವ ಹೊತ್ತು, ಯಾವ ಕಾಯಿ ಎಂಬುದರ ಸಮೇತ. ಬೆಲೆ ಇಳಿಸಿದ್ದೇವೆ ಎಂದು ಯಾರೇ ಹೇಳಲಿ, ಯಾಕೆ ಇಳಿಸಿದ್ದು ಎಂದು ಕೇಳಿ. ಫೋನು ಉತ್ತರ ಕೊಡುವುದಿಲ್ಲ. ದೊಡ್ಡ ಅಂಗಡಿಯ ಹುಡುಗಿಗೆ ಉತ್ತರ ಗೊತ್ತಿರುವುದಿಲ್ಲ. ನೆಲದ ಮೇಲೆ ಕೂತ ಹೆಂಗಸು ಹೇಳುತ್ತಾಳೆ. ಹೇಳಿದ ಮೇಲೆ ಅವಳೊಡನೆ ಇನ್ನೆರಡು ರೂಪಾಯಿಗೆ ಚೌಕಾಶಿ ಮಾಡಬೇಡಿ.